ಕಲಗಚ್ಚಿನ ಬಾನಿಯಿಂದ ಎದ್ದು ಬಂದ ಅಳು

ಮೊಳಕಾಲ್ಮೂರು
9-8-2008

ಈ ಕಾಗದ ಓದಿ ಹೇಳುತ್ತಿರುವವರಿಗೆ ಮೊದಲು ನಾಲ್ಕು ಮಾತು. ನಮ್ಮ ನಾದಿನಿಗೆ ಓದು ಬರುವುದಿಲ್ಲ, ಅದಕ್ಕೇ ಇದು ನಿನ್ನ ಕೈಗೆ ಬಂದಿದೆ. ಹೋದ ಸಲ ನಾನು ಬರೆದದ್ದರಲ್ಲಿ ಅರ್ಧ ನುಂಗಿ, "ಎಲ್ಲಾ ಚೆನ್ನಾಗವ್ರಂತೆ" ಎಂದು ಮಡಚಿಟ್ಟ ಸೊಸೆ ನೀನೇ ಅಲ್ಲವೇ ಗೀತಮ್ಮ? ಅತ್ತೆಗೆ ಬೇಜಾರಾದೀತು ಎಂದು ನೀರು ಬೆರೆಸಿ ಓದಲು ಇದೇನು ನೀನು ಮಾರುವ ಹಾಲಲ್ಲ. ಬೇಜಾರಾಗಲಿ ಎಂದೇ ಬರೆದಿದ್ದೇನೆ. ಒಂದಕ್ಷರ ಬಿಡದೆ, ಪಕ್ಕದ ಮನೆಗೆ ಕೇಳುವ ಹಾಗೆ ಓದು.

ನಾದಿನಿ ತಿಪ್ಪೇರುದ್ರಮ್ಮನಿಗೆ ಅತ್ತಿಗೆ ನಾಗಕ್ಕ ಬರೆಯುವುದು. ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯಾ? ನಾಲಿಗೆಗೆ ಮಾತ್ರ ಏನೂ ಆಗಿಲ್ಲ ಎಂದು ಬಂದವರೆಲ್ಲ ಹೇಳುತ್ತಾರೆ, ಕೇಳಿ ಸಂತೋಷವಾಯಿತು. ನನಗೆ ಕಣ್ಣು ಮಂಜು. ಆದರೂ ಮೂರನೇ ಕ್ಲಾಸಿನ ಅಕ್ಷರ ಇನ್ನೂ ಕೈಯಲ್ಲಿದೆ, ಇದನ್ನು ಯಾರಿಂದಲೂ ಬರೆಸಿಲ್ಲ.

ಹೋದ ವಾರ ನಿನ್ನ ಚಳ್ಳಕೆರೆಗೇ ಬಂದಿದ್ದೆ. ನಿನ್ನ ಬೀದಿಯ ತುದಿಯಲ್ಲೇ ನಡೆದು ಹೋದೆ, ನಿನ್ನ ಮನೆಯ ನೀರು ಕುಡಿಯಲಿಲ್ಲ. ಯಾಕೆ ಬಂದಿದ್ದೆ ಎಂದರೆ, ಮೊಮ್ಮಗಳು ಸ್ವಪ್ನಳ ಹಾಡಿನ ಪೆಟ್ಟಿಗೆ ರಿಪೇರಿ ಮಾಡಿಸಲು. ಬೆಂಕಿಪೊಟ್ಟಣದಷ್ಟು ಇದೆಯಲ್ಲ, ಕಿವಿಗೆ ದಾರ ಸಿಕ್ಕಿಸಿಕೊಂಡು ಓಡಾಡುತ್ತಾಳಲ್ಲ, ಅದು. ನಿನಗೆ ಮರೆತಿರಲಿಕ್ಕಿಲ್ಲ. ಯುಗಾದಿಗೆ ನೀನು ನಮ್ಮ ಮನೆಗೆ ಬಂದಾಗ ಆ ಹುಡುಗಿ ಏನೂ ತಿಳಿಯದೆ, "ಅಜ್ಜಿ, ನೀನು ತಾತನ ಮುಂದೆ ಹಾಡಿ ಅತ್ತಿದ್ದು ಇದರಾಗೆ ಐತೆ" ಎಂದಳು. ನೀನು ಕೊಡವ್ವ ನೋಡ್ತೀನಿ ಎಂದು ಇಸಿದುಕೊಂಡೆ. ಕೊಟ್ಟಿಗೆಗೆ ನಡೆದೆ. ಅಲ್ಲಿ ಕೈ ಜಾರಿ ಕಲಗಚ್ಚಿನ ಬಾನಿಗೆ ಬಿತ್ತು ಎಂದೆ. ನಿನ್ನ ಕೈ ಹೇಗೆ ಜಾರಿತು ಎಂಬುದನ್ನು ನಾನು ಒಲೆಯ ಮುಂದೆ ಕೂತೇ ಕಂಡಿದ್ದೇನೆ ತಿಪ್ಪಿ. ಬೆರಳು ಒಂದೊಂದಾಗಿ ಬಿಡಿಸಿದೆ. ಎಮ್ಮೆಗಾದರೂ ನಾಚಿಕೆಯಾಗಿರಬೇಕು, ಅದು ಅವತ್ತು ಬಾನಿಗೆ ಬಾಯಿಡಲಿಲ್ಲ.

ನೀನು ಅದನ್ನು ಮುಳುಗಿಸಿದ್ದು ಯಾಕೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಇದನ್ನು ಕೇಳುತ್ತಿರುವ ನಿನ್ನ ನೆರೆಮನೆಯವರಿಗೆ ಮಾತ್ರ ಗೊತ್ತಿಲ್ಲ, ಅವರಿಗಾಗಿ ಬರೆಯುತ್ತೇನೆ. ನಿಮ್ಮಣ್ಣ ತೀರಿಕೊಂಡು ಇನ್ನೂ ದೀಪಾವಳಿ ಬಂದಿರಲಿಲ್ಲ, ಅಷ್ಟರಲ್ಲೇ ನೀನು, ನಾಗಕ್ಕ ಗಂಡನ ಬಾಯಿಗೆ ಕೊನೆಗೆ ಒಂದು ಗುಟುಕು ನೀರು ಬಿಡಲಿಲ್ಲ, ಒಣಗಿಸಿ ಕಳಿಸಿದಳು ಎಂದು ನೆಂಟರಿಷ್ಟರಿಗೆಲ್ಲ ಹಂಚಿದೆ. ಗೌರಸಮುದ್ರದಲ್ಲಿ ನಮ್ಮ ಕೆಂಚಣ್ಣನ ಮಗುವಿಗೆ ಹೆಸರಿಡುವಾಗ ನಾನು ಸೇದಿ ತಂದಿಟ್ಟ ಕೊಡವನ್ನು ಒಬ್ಬರೂ ಮುಟ್ಟಲಿಲ್ಲ. ನನ್ನ ಕಣ್ಣೆದುರಿಗೇ ಅದನ್ನು ಚೆಲ್ಲಿ ಬೇರೆ ತುಂಬಿದರು. ಗಂಡನಿಗೆ ನೀರು ಬಿಡದವಳ ಕೈನೀರಂತೆ. ಬರುವ ತಿಂಗಳು ನಿಮ್ಮಣ್ಣನ ವರ್ಷದ ತಿಥಿ. ನನ್ನ ಕೈಯ ಎಡೆಗೆ, ನನ್ನ ಕೈಯ ಊಟಕ್ಕೆ ಯಾರು ಕೂರುತ್ತಾರೆ ಹೇಳು.

ಬಾನಿಯಿಂದ ತೆಗೆದ ಪೆಟ್ಟಿಗೆಯನ್ನು ಆಮೇಲೆ ನಾನೂ ಕೆಡಿಸಿದೆ, ಅದೂ ನಿಜ. ಬಿತ್ತನೆ ಬೀಜ ಬೂದಿಯಲ್ಲಿಟ್ಟರೆ ತೇವ ಹೀರಿ ಉಳಿಯುತ್ತದಲ್ಲ ಎಂದು ಒಲೆಬೂದಿಯಲ್ಲಿ ಹೂತಿಟ್ಟೆ. ಬೂದಿ ಇನ್ನೂ ಬೆಚ್ಚಗಿತ್ತು, ಒಂದು ಮೂಲೆ ಬೆಲ್ಲದಂತೆ ಕರಗಿತು. ಸ್ವಪ್ನ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಊರಿನ ರೇಡಿಯೋ ರಿಪೇರಿಯವನು ನೋಡಿ ನಕ್ಕು ಕಳಿಸಿದ. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡಿರುವ ಮಹಾಂತೇಶನೂ, "ಅಜ್ಜಿ, ಇದು ಸತ್ತೈತೆ, ಹೊಸದು ತಗಳ್ರಿ" ಎಂದ. ಸತ್ತವರ ಮುಂದಿನ ಮಾತು ಇರುವುದೇ ಇದರಲ್ಲಿ, ತೆಗಿಯಪ್ಪ ಎಂದು ಬಾಗಿಲಲ್ಲೇ ಕೂತೆ. ಗಿರಾಕಿಗಳು ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ಅದರ ಕಾಟಕ್ಕೋ ಏನೋ, ಬಿಚ್ಚಿದ. ಒಳಗೆಲ್ಲ ಅಕ್ಕಿ ತೌಡು, ಬೂದಿ. ಬ್ರಷ್ಷಿನಲ್ಲಿ ಸ್ಪಿರಿಟ್ ಹಚ್ಚಿ ತೊಳೆದು, ಬೇರೆ ಕಡೆಯಿಂದ ಕರೆಂಟು ಕೊಟ್ಟು ಕಂಪ್ಯೂಟರಿಗೆ ಸೇರಿಸಿದ. ಹಾಡುಗಳು ಇವೆ, ಆದರೆ ಹೆಸರು ಅಳಿಸಿಹೋಗಿವೆ, ಯಾವುದು ನಿಮ್ಮದು ಎಂದು ಕೇಳಿಯೇ ಹುಡುಕಬೇಕು ಎಂದ. ಕೂತು ಕೇಳಿದೆ. ಎಲ್ಲ ಕುಣಿಯುವ ಸಿನಿಮಾ ಹಾಡು, ಕೆಲವು ಅರ್ಧಕ್ಕೇ ಕತ್ತು ಮುರಿದಂತೆ ನಿಲ್ಲುತ್ತಿದ್ದವು. ಅದರ ನಡುವೆ ಇದ್ದಕ್ಕಿದ್ದಂತೆ ನೀನು ಬಂದೆ.

ಅಂಗಡಿಯಲ್ಲಿದ್ದವರು ಕೈಯ ಕೆಲಸ ಬಿಟ್ಟು ನಿಂತರು. ನೀನು ಹಾಡಿ ಅಳುವುದರಲ್ಲಿ ಗಟ್ಟಿಗಿತ್ತಿ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. "ನಾ ಬರೋ ಹೊತ್ತಿಗೆ ಮಾತು ನಿಂತಿತ್ತಲ್ಲೋ ಅಣ್ಣಯ್ಯ, ಅತ್ತಿಗೆ ಕೈಯ ಅಂಬಲಿ ಒಂದೇ ಇಳೀತಿತ್ತಲ್ಲೋ, ನನ್ನ ಕೈಯ ಹಾಲು ಕಟವಾಯಾಗೆ ಸುರೀತಲ್ಲೋ, ಅವಳು ರೆಪ್ಪೆ ಮುಚ್ಚದೆ ಕಾದ್ಲಲ್ಲೋ." ಇದು ನಿನ್ನದೇ ಬಾಯಿ. ಹೆಣದ ಮುಂದೆ ಹಾಡುವಾಗ ನಮ್ಮ ಹೆಂಗಸರು ಯಾರೂ ಸುಳ್ಳು ಹಾಡುವುದಿಲ್ಲ, ಹಾಡಿದರೆ ಸತ್ತವರು ಎದ್ದು ಹೋಗಲಾರರು ಎಂದು ನನಗೆ ಕಲಿಸಿದವಳೇ ನಿನ್ನವ್ವ. ಹಾಗಾದರೆ ಆಮೇಲೆ ಹೇಳಿಕೊಂಡು ತಿರುಗಿದ್ದು ಏನು?

ಅದನ್ನು ಸಿಡಿಗೆ ಹಾಕಿಸಿಕೊಂಡು ಬಂದಿದ್ದೇನೆ. ತಿಥಿಯ ದಿನ ಹುಲಿಯಪ್ಪನ ಸೌಂಡ್ ಬಾಕ್ಸ್ ಅಂಗಳದ ಬೇವಿನ ಮರಕ್ಕೆ ಕಟ್ಟಿಸುತ್ತೇನೆ, ಹೇಳಿಯೂ ಆಗಿದೆ. ನೀನು ಬಂದು, ನೆಂಟರ ಮುಂದೆ ನಿಂತು, ಅತ್ತಿಗೆ ಅಣ್ಣನಿಗೆ ಉಣಿಸಿದ್ದನ್ನು ನಾನು ಕಂಡೆ, ಆಮೇಲೆ ಆಡಿದ್ದು ಸುಳ್ಳು ಎಂದು ಹೇಳಿ, ನಾನು ಸೇದಿದ ನೀರು ಮೊದಲು ಕುಡಿದರೆ ಸರಿ. ಬಾಕ್ಸಿನಲ್ಲಿ ದೇವರ ಹಾಡು ಹಾಕಿಸುತ್ತೇನೆ. ಇಲ್ಲದಿದ್ದರೆ ನಿನ್ನ ಬಾಯೇ ನಿನ್ನ ಬಾಯಿಗೆ ಹೊಡೆಯುತ್ತದೆ, ನಾನು ಕೂತು ನೋಡುತ್ತೇನೆ.

ಗೀತಮ್ಮನಿಗೂ ಮಕ್ಕಳಿಗೂ ಆಶೀರ್ವಾದ. ನಿನಗೆ ಏನು ಎಂಬುದು ಆಮೇಲೆ.

ಇಂತಿ ನಿನ್ನ ಅತ್ತಿಗೆ
ನಾಗಕ್ಕ

ತಾ.ಕ.: ಆ ಪೆಟ್ಟಿಗೆಯಲ್ಲಿ ಇನ್ನೊಂದು ಸಿಕ್ಕಿತು. ನಿಮ್ಮಣ್ಣನಿಗೆ ಮಾತು ನಿಲ್ಲುವ ಮುಂಚೆ, ಪೆಟ್ಟಿಗೆ ಹೊಸದಾಗಿದ್ದಾಗ, ಸ್ವಪ್ನ ಏನಾದರೂ ಮಾತಾಡು ತಾತ ಎಂದು ಅವರ ಬಾಯಿಯ ಹತ್ತಿರ ಹಿಡಿದಿದ್ದಳಂತೆ. ಮೊದಲು ಬರೀ ಕೆಮ್ಮು. ಆಮೇಲೆ, "ಚಳ್ಳಕೆರೆ ಬಸ್ಸು ಬಂತೇನು? ತಿಪ್ಪಿ ಇಳಿದ್ಲಾ ನೋಡವ್ವ." ಎರಡು ಸಲ ಕೇಳಿದ್ದಾರೆ. ನೀನು ಕಲಗಚ್ಚಿಗೆ ಬಿಟ್ಟದ್ದು ಇದನ್ನೂ ಸೇರಿಸಿ. ಇದನ್ನು ಆ ಸಿಡಿಗೆ ಹಾಕಿಸಿಲ್ಲ, ಬೇರೆಯದಕ್ಕೆ ಹಾಕಿಸಿ ನನ್ನ ಟ್ರಂಕಿನಲ್ಲಿ ಬೀಗ ಹಾಕಿದ್ದೇನೆ. ನೀನು ನೆಂಟರ ಮುಂದೆ ಬಾಯಿ ಬಿಟ್ಟರೆ ಕೇಳಿಸುತ್ತೇನೆ, ಇಲ್ಲದಿದ್ದರೆ ನಾನು ಸತ್ತಾಗ ನನ್ನ ಜೊತೆಗೇ ಮಣ್ಣಿಗೆ ಹಾಕಿಸುತ್ತೇನೆ. ಬರುತ್ತೀಯೋ ಇಲ್ಲವೋ, ಈ ತಿಂಗಳು ಮುಗಿಯುವುದರೊಳಗೆ ಬರೆಸು.