ಗುಲಾಬಿ ಚಮಚದ ಮೊದಲರ್ಧ

ಇಸವಿ ೨೨೧೪, ಮರುಬೇಸಿಗೆಯ ಮೊದಲ ಸೋಮವಾರ
ಚೀಲಗುಡ್ಡ

ದೀಪ ಹಚ್ಚುವ ಹೊತ್ತು. ಇಂದು ಗುಡ್ಡದ ತೆಂಕಣ ಮಗ್ಗುಲು ಅಗೆದೆವು. ಚಪ್ಪಲಿಗಳೇ ಹೆಚ್ಚು ಸಿಕ್ಕವು. ಮಧ್ಯಾಹ್ನ ಬಿಸಿಗಾಳಿ ಎದ್ದು ಕೆಲಸ ನಿಂತಿತು. ಕೈ ತೊಳೆದು, ರೊಟ್ಟಿ ತಿಂದು ಬರೆಯಲು ಕುಳಿತಿದ್ದೇನೆ.

ಇನ್ನೂರು ವರ್ಷದ ಹಿಂದಿನ ಮಕ್ಕಳೇ, ನಾನು ಫಕೀರವ್ವ, ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಳೆ ಬರಬೇಕಾದ ಹೊತ್ತಿಗೆ ಮತ್ತೊಮ್ಮೆ ಬರುವ ಬೇಸಿಗೆಗೆ ನಾವು ಮರುಬೇಸಿಗೆ ಎನ್ನುತ್ತೇವೆ. ಚೀಲಗುಡ್ಡವೆಂದರೆ ನಿಮ್ಮ ಕಾಲದವರು ಕಸ ಸುರಿದು ಸುರಿದು ಎದ್ದ ಗುಡ್ಡ. ಅದನ್ನು ಅಗೆದು, ಸಿಕ್ಕಿದ್ದನ್ನು ತೊಳೆದು, ಕುಲುಮೆಯಲ್ಲಿ ಕರಗಿಸಿ ನೀರಿನ ಕೊಳವೆ ಮಾಡುವುದು ನಮ್ಮ ಕಸುಬು. ನಿಮ್ಮನ್ನು ಬಯ್ಯಲು ಬರೆಯುತ್ತಿಲ್ಲ. ನಮ್ಮ ಒಲೆ ಉರಿಯುವುದು ಈ ಗುಡ್ಡದಿಂದಲೇ.

ನಮ್ಮಲ್ಲೊಂದು ಪದ್ಧತಿಯಿದೆ. ರಾಶಿಯಿಂದ ಪ್ರತಿ ಮಗುವೂ ಒಂದು ವಸ್ತುವನ್ನು ಆರಿಸಿ, ಅದು ಯಾರದಿತ್ತು, ಏಕೆ ಬೇಡವಾಯಿತು ಎಂದು ಕಥೆ ಬರೆದು, ಕುಲುಮೆಯ ಮುಂದೆ ನಿಂತು ಓದಬೇಕು. ಇದಕ್ಕೆ ಸಾಕ್ಷಿಗತೆ ಎಂದು ಹೆಸರು. ಆರಿಸಿದ ವಸ್ತುವನ್ನು ಕಥೆ ಓದದೆ ಬೆಂಕಿಗೆ ಹಾಕುವಂತಿಲ್ಲ. ಹೀಗೆ ಬರೆದ ಮಕ್ಕಳು ತಮ್ಮ ಹರಿದ ಚೀಲವನ್ನೂ ಕಂಡಲ್ಲಿ ಒಗೆಯುವುದಿಲ್ಲ. ಇದಕ್ಕೂ ಒಂದು ಕಥೆ ಇದೆಯಲ್ಲ ಎಂದು ಕೈ ತಡೆಯುತ್ತದೆ. ಹಿರಿಯರು ಗದರಿಸಿದರೂ ಆಗದ ಕೆಲಸ ಹೀಗೆ ಆಯಿತು.

ನನ್ನ ಮಗಳು ಸಾವಂತ್ರಿ ಹೋದ ಮರುಬೇಸಿಗೆಯಲ್ಲಿ ಒಂದು ಪುಟ್ಟ ಗುಲಾಬಿ ಚಮಚ ಆರಿಸಿದ್ದಳು. ಇಷ್ಟು ಕಾಲ ಮಣ್ಣಿನಲ್ಲಿದ್ದರೂ ಅದು ಬಣ್ಣ ಬಿಟ್ಟಿರಲಿಲ್ಲ. ಇಷ್ಟು ಗಟ್ಟಿಯಾಗಿ ಮಾಡಿದ್ದಾರೆಂದರೆ ಬಹಳ ಅಕ್ಕರೆಯ ವಸ್ತುವೇ ಇರಬೇಕು ಎಂದು ನಾನೂ ನಂಬಿದ್ದೆ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಚಮಚವಿದು, ಮನೆಯ ಪ್ರತಿ ಕೂಸಿಗೂ ಮೊದಲ ತುತ್ತು ಉಣಿಸಿದ್ದು ಇದರಲ್ಲೇ ಎಂದು ಅವಳು ಬರೆದಳು. ಹಳೆಯ ವಸ್ತುಗಳನ್ನು ಬಲ್ಲ ಗುರುಪಾದಜ್ಜ ಕೇಳಿ ನಕ್ಕರು.

"ಅದು ಐಸ್‌ಕ್ರೀಂ ಚಮಚ ಬೇ. ಒಂದ ಸಲ ನೆಕ್ಕಿ ಒಗೀತಿದ್ರು."

"ಸುಳ್ಳ ಹೇಳಬ್ಯಾಡ ಅಜ್ಜಾ! ಒಂದ ಸಲಕ್ಕ ಯಾರರ ಇಷ್ಟ ಗಟ್ಟಿ ಮಾಡ್ತಾರೇನು? ಹುಚ್ಚ ಹಿಡದಿತ್ತೇನು ಅವರಿಗೆ?"

"ಹುಚ್ಚಲ್ಲವ್ವಾ. ಸೆಕಿ ಇತ್ತು, ಬಾಯಿಗೆ ತಂಪು ಬೇಕಾಗಿತ್ತು."

"ಹಂಗಾರ ತಿಂದಾಕಿ ಯಾರು? ಜೋಡಿಗೆ ಯಾರಿದ್ರು?"

ಅಜ್ಜನಿಗೆ ಅದು ಗೊತ್ತಿರಲಿಲ್ಲ. ಸಾವಂತ್ರಿ ಪಾಟಿಯ ಮೇಲೆ ಬರೆದದ್ದನ್ನೆಲ್ಲ ಅಳಿಸಿದಳು. ಇನ್ನು ಖರೇದ್ದನ್ನೇ ಬರೀತೀನಿ ಅಂದಳು. ಅದೇ ವಾರ ಜ್ವರ ಬಂತು. ಅವಳು ಏಳಲಿಲ್ಲ.

ಓದದ ವಸ್ತುವನ್ನು ಒಂದು ವರ್ಷವಷ್ಟೇ ಇಟ್ಟುಕೊಳ್ಳಬಹುದು. ಮಗು ಇಲ್ಲದಿದ್ದರೆ ತಾಯಿ ಓದಬೇಕು. ಚಮಚ ಈಗ ನನ್ನ ಮುಂದಿದೆ. ತಿಂದವಳ ಮುಖ ನನಗೆ ಎಷ್ಟು ಊಹಿಸಿದರೂ ಕಾಣುವುದಿಲ್ಲ. ನನ್ನ ಮಗಳ ಮುಖವೇ ಬರುತ್ತದೆ. ಹಾಗಾಗಿ ಕಥೆಯ ಕೊನೆಯರ್ಧವನ್ನಷ್ಟೇ ಬರೆದಿದ್ದೇನೆ: ಒಬ್ಬ ಹುಡುಗಿ ಅದನ್ನು ಮಣ್ಣಿನಿಂದ ತೆಗೆದಳು, ಲಂಗದ ಅಂಚಿನಲ್ಲಿ ಒರೆಸಿದಳು, ಅದಕ್ಕಾಗಿ ಮುದುಕನೊಡನೆ ಜಗಳ ತೆಗೆದಳು, ಜ್ವರದಲ್ಲೂ ಮುಷ್ಟಿ ಸಡಿಲಿಸಲಿಲ್ಲ.

ಮೊದಲರ್ಧ ನಿಮ್ಮ ಹತ್ತಿರ ಇದೆ. ಅದನ್ನು ಬರೆಯಿರಿ ಎಂದು ಕೇಳಲು ಈ ಪತ್ರ. ಚಮಚ, ಬಾಟಲಿ, ಹರಿದ ಚೀಲ, ಏನೇ ಇರಲಿ, ಕೈಯಲ್ಲಿರುವಾಗಲೇ ಬರೆಯಿರಿ. ಯಾರು ಕೊಡಿಸಿದರು, ಇನ್ನೊಂದು ತುತ್ತಿಗೆ ಹಟ ಹಿಡಿದವರು ಯಾರು, ಎಲ್ಲಿ ಒಗೆದಿರಿ, ಮರುದಿನ ಅದನ್ನು ಗುಡಿಸಿದವರ ಹೆಸರೇನು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ನನ್ನದೂ ತಪ್ಪುತ್ತದೆ. ಬರೆದ ಮೇಲೆ ಒಗೆಯಲು ಮನಸ್ಸು ಬಾರದೆ, ಅದು ನಮ್ಮ ಗುಡ್ಡಕ್ಕೆ ಬಾರದೇ ಹೋದರೂ ಬೇಸರವಿಲ್ಲ. ಈ ಚಮಚ ಸಿಗದಿದ್ದರೂ ಸಾವಂತ್ರಿ ಬೇರೆ ಯಾವುದಾದರೂ ಕಥೆ ಹುಡುಕಿಕೊಳ್ಳುತ್ತಿದ್ದಳು.

ನಾಳೆ ಬೆಳಿಗ್ಗೆ ಕುಲುಮೆ ಹಚ್ಚುತ್ತಾರೆ. ಮೊದಲು ಓದುವವಳು ನಾನು.