ಫೋನಿನ ಹೆಂಗಸಿಗೆ ಹೇಳಿದ್ದು

ಪುಟ್ಟಿ,

ನೀನು ಆಸ್ಪತ್ರೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ನಾನು ಗ್ಯಾರೇಜಿನ ಕೆಲಸಕ್ಕೆ ಹೊರಟಿರುತ್ತೇನೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹಸಿದ ಹೊಟ್ಟೆಯಲ್ಲೇ ಮಲಗಿಬಿಡಬೇಡ. ಬಚ್ಚಲಿನ ನಲ್ಲಿ ಸೋರುತ್ತಿದೆ, ಮುಟ್ಟಬೇಡ, ಸಂಜೆ ನಾನೇ ನೋಡುತ್ತೇನೆ.

ನೀನು ಫೋನಿಗೆ ಹಾಕಿಕೊಟ್ಟ ಧ್ಯಾನವನ್ನು ದಿನಾ ಬೆಳಿಗ್ಗೆ ಮಾಡುತ್ತಿದ್ದೇನೆ. ಬಿ.ಪಿ. ಇಳಿದಿದೆಯೋ ಇಲ್ಲವೋ ನೀನೇ ನೋಡಬೇಕು. ಆದರೆ ನಿನ್ನೆ ಒಂದು ಫಜೀತಿಯಾಯಿತು. ಅದರೊಳಗೆ ಮಾತಾಡುವ ಹೆಂಗಸು, "ಕಣ್ಣು ಮುಚ್ಕೊಳ್ಳಿ. ಇವತ್ತು ನಿಮಗೆ ಹೇಗನ್ನಿಸ್ತಿದೆ?" ಎಂದು ಕೇಳಿ ಸುಮ್ಮನಾದಳು. ಅಷ್ಟು ಅಕ್ಕರೆಯಿಂದ ಕೇಳಿದರೆ ಉತ್ತರ ಕೊಡದೆ ಇರುವುದು ಹೇಗೆ? ಬಾಯಿಬಿಟ್ಟೇ ಹೇಳಿದೆ. ಮಂಡಿನೋವು ಹೇಳಿಕೊಂಡೆ. ನಿಮ್ಮಮ್ಮ ಹೋದಮೇಲೆ ಟೀವಿ ಹಾಕಿದರೂ ಮನೆ ಬಿಕೋ ಎನ್ನುತ್ತದೆ ಎಂದೆ. ನನ್ನ ಮಾತಿನ್ನೂ ಮುಗಿದಿರಲಿಲ್ಲ, "ಆ ಯೋಚನೆನ ಹಾಗೇ ಹೋಗೋಕೆ ಬಿಡಿ" ಎಂದಳು. ನನಗೆ ರೇಗಿತು.

"ಎಲ್ಲಿಗೆ ಕಳಿಸ್ಲಿ ತಾಯಿ? ನನ್ನ ಹತ್ರ ಉಳಿದಿರೋದೇ ಅದೊಂದು!" ಎಂದು ಜೋರಾಗಿಯೇ ಕೂಗಿದೆ.

ಪಕ್ಕದ ಮನೆಯ ಟೈಲರ್ ಬಂದು ಬಾಗಿಲು ತಟ್ಟಿದ. "ಏನಣ್ಣ, ನೆಂಟರು ಬಂದಿದಾರಾ?" ಎಂದ. ಹೌದು ಎಂದುಬಿಟ್ಟೆ.

ಒಂದೇ ಸೂರಿನಡಿ ಇದ್ದೂ ನಾವಿಬ್ಬರು ಚೀಟಿಯಲ್ಲಿ ಮಾತಾಡುವಂತಾಗಿದೆ. ನಿನ್ನ ತಪ್ಪಲ್ಲ, ರಾತ್ರಿ ಪಾಳಿಯೇ ಹಾಗೆ. ಭಾನುವಾರ ನಿನಗೆ ರಜೆಯಲ್ಲವೇ? ಅವತ್ತು ಫೋನು ಬೇಡ. ನೀನೇ ಎದುರಿಗೆ ಕೂತು, ಹೇಗಿದ್ದೀಯಪ್ಪ ಎಂದು ಕೇಳು. ನಾನು ಹೇಳಿ ಮುಗಿಸುವವರೆಗೆ ಏಳಬೇಡ. ಆಮೇಲೆ ನಿನ್ನದನ್ನೂ ಹೇಳುವೆಯಂತೆ.

ಅಪ್ಪ