ಅಪ್ಪನ ಅಕ್ಷರದ ಪುಟ

ಮಾರ್ಚ್ 3, ಬೆಳಿಗ್ಗೆ

ವೆಬ್ ಪುಟದ ಟೈಟಲ್ ಮತ್ತೆ ಬದಲಾಯಿಸಿದೆ. ‘ನಮ್ಮ ಪ್ರೀತಿಯ ಅಪ್ಪ’ ಅಂತಿತ್ತು. ಗೆಳೆಯ ಗಡಿಯಾರ ಫೋನಿನಲ್ಲೇ ನಕ್ಕ.

“ಪ್ರೀತಿಯ ಅಪ್ಪ ಅಂತ ಯಾರು ಹುಡುಕ್ತಾರೆ ಪೇಂಟು? ನಿಮ್ಮಪ್ಪನ್ನ ಕಂಡೋರು ‘ಯಾರಪ್ಪಾ ಈ ಮುದುಕ’ ಅಂತ ನೋಡ್ತಿರ್ತಾರೆ. ಅವರು ಏನು ಟೈಪ್ ಮಾಡ್ತಾರೋ ಅದನ್ನ ಬರಿ.”

ಸ್ಕೂಲಿಗೆ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದವನಲ್ಲ, ಅದಕ್ಕೇ ಗಡಿಯಾರ. ಬಟ್ಟೆ ಮೇಲೆ ಸದಾ ಬಣ್ಣ, ಅದಕ್ಕೇ ನಾನು ಪೇಂಟು. ಅವನು ಈಗ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡ್ತಾನೆ. ನಮ್ಮದಕ್ಕೆ ಬಿಟ್ಟಿ. ಸೈಟಿನ ಬಾಗಿಲು ಇನ್ನೂ ಹಾಕಿದೆ — ಸರ್ಚ್ ಎಂಜಿನ್ ಒಳಗೆ ಬರಬಾರದು ಅಂತ ಅವನೇ ಒಂದು ಸಾಲು ಹಾಕಿಟ್ಟಿದ್ದಾನೆ. ಅರ್ಧಂಬರ್ಧ ಪುಟ ಹೊರಗೆ ಕಾಣಬಾರದಂತೆ. ಎಲ್ಲ ಸಿದ್ಧವಾದ ಮೇಲೆ ಆ ಸಾಲು ಅಳಿಸ್ಬೇಕು. ಮರೀಬೇಡ, ಮರೀಬೇಡ ಅಂತ ತಲೆ ತಿಂದ.

ಅಪ್ಪ ಮನೆ ಬಿಟ್ಟು ಹೋಗಿ ತಿಂಗಳ ಮೇಲಾಯ್ತು. ಬಿಟ್ಟು ಹೋದ ಅನ್ನೋದೂ ತಪ್ಪು. ಬೋರ್ಡ್ ಬರೆಯೋ ಅಂಗಡಿ ಮೆಟ್ಟಿಲು ಇಳಿದ, ವಾಪಸ್ ಹತ್ತೋದು ಮರೆತ. ಎರಡು ವರ್ಷದಿಂದ ಮರೆವು ಅವನನ್ನ ತಿಂದು ಹಾಕಿತ್ತು. ಹೆಸರು ಕೇಳಿದ್ರೆ ಸುಮ್ಮನೆ ನಗೋನು. ಬ್ರಷ್ ಕೊಟ್ರೆ ಮಾತ್ರ ಕೈ ನಡುಗ್ತಿರಲಿಲ್ಲ.

ಪೊಲೀಸ್ ಆಯ್ತು. ಗೋಡೆಗೆ ಪೋಸ್ಟರ್ ಆಯ್ತು. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೋಟೋ ಎಲ್ಲೆಲ್ಲೋ ಸುತ್ತಿ ನನಗೇ ವಾಪಸ್ ಬಂತು, ‘ಪಾಪ, ಈ ಕುಟುಂಬಕ್ಕೆ ಸಹಾಯ ಮಾಡಿ’ ಅಂತ. ಫೋನ್ ನಂಬರ್ ಇದ್ದ ಕೆಳಗಿನ ಭಾಗ ಯಾರೋ ಕತ್ತರಿಸಿ ಹಾಕಿದ್ರು. ಇನ್ನು ಉಳಿದಿರೋದು ಇದೊಂದೇ. ದೂರದ ಯಾವುದೋ ಊರಲ್ಲಿ ಯಾರೋ ಒಬ್ಬರು ಹುಡುಕ್ಬೇಕು, ಹುಡುಕಿದಾಗ ನಾವು ಸಿಗ್ಬೇಕು.

ಮಾರ್ಚ್ 5

ಗುರುತು ಬರೆಯೋಕೆ ಅಮ್ಮನ್ನ ಎದುರಿಗೆ ಕೂರಿಸಿಕೊಂಡೆ. ಎಡಗಿವಿ ಹಿಂದೆ ಸುಟ್ಟ ಕಲೆ. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಬೋರ್ಡ್ ಬರೆಯೋ ಕೆಲಸ. ಗೋಡೆ ಕಂಡ್ರೆ ಬೆರಳಲ್ಲೇ ಬರೀತಾನೆ.

“ಕಳೆದುಹೋದ ಎಮ್ಮೆಗೆ ಗುರುತು ಹೇಳ್ದಂಗೆ ಹೇಳ್ತಿದೀನಲ್ಲೇ,” ಅಂದಳು. ಎದ್ದು ಒಳಗೆ ಹೋದಳು. ಆಮೇಲೆ ಬಂದು ಬಾಗಿಲಲ್ಲೇ ನಿಂತು, “‘ಉಸಿರಾಡೋಕೆ ಜಾಗ ಬಿಡು’ ಅಂತಿರ್ತಾರೆ ಅಂತ ಬರಿ. ಯಾರ ಹತ್ರ ಇದ್ರೂ ಅದನ್ನ ಹೇಳದೆ ಇರಲ್ಲ ನಿಮ್ಮಪ್ಪ.”

ಹೌದು. ಚಿಕ್ಕವಳಿದ್ದಾಗ ನಾನು ಒತ್ತೊತ್ತಾಗಿ ಬರೆದ್ರೆ ಬ್ರಷ್ಷಿನ ಹಿಂಬದಿಯಿಂದ ಗೆಣ್ಣಿಗೆ ಒಂದು ಬೀಳ್ತಿತ್ತು. “ಅಕ್ಷರಾನೂ ಉಸಿರಾಡ್ಬೇಕು ಕಣೇ, ಜಾಗ ಬಿಡು.” ಕೊನೆಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತೋರಿಗೂ ಅದೇ ಮಾತು. ಅವರು ಪಾಪ ಸರಿದು ಕೂರೋರು.

ಅಂಗಡಿ ಹೆಸರನ್ನೂ ಹಾಕ್ಬೇಕು. ಎಲ್ಲರಿಗೂ ಬೋರ್ಡ್ ಬರೆದವನ ಅಂಗಡಿಗೇ ಬೋರ್ಡ್ ಇರಲಿಲ್ಲ. ಮರೆವು ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ತಾನಾಗೇ ಬರೆದು ನೇತುಹಾಕಿದ — ‘ಅಪ್ಪ ಮಗಳು ಬೋರ್ಡಿನಂಗಡಿ’. ನಾನು ಕೇಳಿರಲಿಲ್ಲ. ಮರೆತುಹೋಗೋ ಮೊದಲು ಬರೆದಿಡೋಣ ಅನ್ಕೊಂಡನೋ ಏನೋ.

ಮಾರ್ಚ್ 9

ಫೋನಿನ ಅಕ್ಷರದಲ್ಲಿ ಪುಟ ನೋಡಿದೆ. ಥೂ. ಬಸ್ ಟಿಕೆಟ್ ಇದ್ದ ಹಾಗಿದೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಗಡಿಯಾರನಿಗೆ ಹೇಳಿದ್ರೆ, “ಮೂಗಿಗಿಂತ ಮೂಗುತಿ ಭಾರ ಮಾಡ್ಕೋಬೇಡ, ಇದ್ದದ್ದು ಇರ್ಲಿ,” ಅಂದ. ನಾಳೆ ಅವನಿಗೆ ಕಣ್ಣಿನ ಆಪರೇಷನ್. ಕೆಲವು ವಾರ ಸ್ಕ್ರೀನ್ ನೋಡೋ ಹಾಗಿಲ್ಲ. “ಇನ್ನೇನೂ ಮುಟ್ಟಬೇಡ. ಆ ಒಂದು ಸಾಲು ಅಳಿಸು, ಮುಗೀತು.”

ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಯಾಕಂದ್ರೆ ನನಗೊಂದು ಹೊಳೆದಿದೆ. ಯಾರೋ ಪುಣ್ಯಾತ್ಮರು ಈ ಪುಟ ತೆಗೆದು ಅಪ್ಪನ ಮುಂದೆ ಹಿಡಿದ್ರೆ? ಫೋಟೋ ಗುರುತು ಸಿಗಲ್ಲ ಅವನಿಗೆ — ಕನ್ನಡಿಯಲ್ಲಿ ತನ್ನನ್ನೇ ನೋಡಿ ‘ಬನ್ನಿ, ಕೂತ್ಕೊಳ್ಳಿ’ ಅಂತಿದ್ದ. ಆದ್ರೆ ತನ್ನ ಅಕ್ಷರ? ಅದನ್ನ ಗುರುತು ಹಿಡೀತಾನೆ. ಅವನ ಕೈಬರಹ ಅವನಷ್ಟೇ ಚೆನ್ನಾಗಿ ಬರೆಯೋಳು ಭೂಮಿ ಮೇಲೆ ನಾನೊಬ್ಬಳೇ.

ಪುಟಪೂರ್ತಿ ನಾನೇ ಬರೀತೀನಿ. ಹಾಳೆ ಮೇಲೆ, ಅವನ ಬ್ರಷ್‌ನಲ್ಲಿ. ಫೋಟೋ ತೆಗೆದು ಹಾಕೋದು. ಮೇಲೆ ಟೈಟಲ್‌ನಲ್ಲಿ ‘ಕಾಣೆಯಾಗಿದ್ದಾರೆ’ ಅಂತ ಒಂದು ಪದ ಇದ್ರೆ ಸಾಕು. ಮಿಕ್ಕಿದ್ದೆಲ್ಲ ಒಳಗಿದೆಯಲ್ಲ.

ಮಾರ್ಚ್ 12, ಮಧ್ಯಾಹ್ನ

ಆ ಸಾಲು ಅಳಿಸಿದೆ. ಬಾಗಿಲು ತೆರೀತು.

ಅಮ್ಮನಿಗೆ ತೋರಿಸಿದೆ. ಅವಳು ಸ್ಕ್ರೀನ್ ಮೇಲೆ ಬೆರಳಿಟ್ಟಳು, ಮೊದಲಕ್ಷರದ ತಲೆಕಟ್ಟಿನ ಮೇಲೆ. ಪುಟ ಸರಕ್ಕನೆ ಮೇಲೆ ಹೋಯ್ತು, ಹೆದರಿ ಕೈ ತೆಗೆದಳು. “ನಿಮ್ಮಪ್ಪನೇ ಬರೆದ ಹಾಗಿದೆ,” ಅಂದಳು. ಅತ್ತುಬಿಟ್ಟೆ. ಅಪ್ಪ ಹೋದಾಗಿನಿಂದ ಇವತ್ತೇ ಹೊಟ್ಟೆ ತುಂಬ ಉಂಡಿದ್ದು ನಾವಿಬ್ಬರೂ.

ಮಾರ್ಚ್ 18

ವಿಳಾಸ ಹೊಡೆದ್ರೆ ಪುಟ ಥಟ್ಟನೆ ಬರುತ್ತೆ. ಗುರುತು ಹೊಡೆದ್ರೆ ಬರಲ್ಲ. ಹೊಸ ಸೈಟ್ ಅಲ್ವಾ, ಸರ್ಚ್‌ನಲ್ಲಿ ಕಾಣೋಕೆ ವಾರಗಟ್ಟಲೆ ಹಿಡಿಯುತ್ತೆ ಅಂದಿದ್ದ ಗಡಿಯಾರ. ಕಾಯೋದು.

ಅಮ್ಮ ಬೆಳಗಾದ್ರೆ ಅದನ್ನೇ ಕೇಳ್ತಾಳೆ — “ಯಾರಾದ್ರೂ ನೋಡಿದ್ರೇನೇ?” 

ಮಾರ್ಚ್ 25

ಇಲ್ಲ.

ಚಿಕ್ಕಪ್ಪ ಬಂದಿದ್ದ. “ಎಷ್ಟು ದಿನ ಅಂತ ಆ ಪೆಟ್ಟಿಗೆ ಮುಂದೆ ಕೂರ್ತೀಯ, ಅಂಗಡಿ ತೆಗಿ,” ಅಂದ. ತೆಗೆದೆ. ಒಬ್ಬ ಬಂದು ‘ಬಾಡಿಗೆಗೆ ಇದೆ’ ಬರೆಸಿಕೊಂಡು ಹೋದ. ‘ಬಾಡಿಗೆ’ ಪೂರ್ತಿ ಒತ್ತೊತ್ತಾಗಿ ಬಂತು. ನೋಡಿ ಗೆಣ್ಣಿಗೆ ಹೊಡೆಯೋರಿಲ್ಲ.

ಏಪ್ರಿಲ್ 6, ಸಂಜೆ

ಗಡಿಯಾರ ಫೋನ್ ಮಾಡಿದ್ದ. ಒಂದು ಕಣ್ಣಿಗೆ ಇನ್ನೂ ಪಟ್ಟಿ, ಇನ್ನೊಂದು ಮಂಜು. ಫೋನೇ ಓದಿ ಹೇಳೋ ಹಾಗೆ ಮಾಡಿಕೊಂಡಿದ್ದಾನಂತೆ. ಮಲಗಿ ಮಲಗಿ ಬೇಜಾರಾಗಿ ನಮ್ಮ ಪುಟ ಓದಿಸಿದ್ದಾನೆ.

“ಪೇಂಟು, ಏನು ಮಾಡಿದೀಯ ನೀನು?”

“ಯಾಕೋ?”

“‘ಕಾಣೆಯಾಗಿದ್ದಾರೆ’ ಅಂತು. ಆಮೇಲೆ ‘ಚಿತ್ರ’ ಅಂತು. ಚಿತ್ರ, ಚಿತ್ರ, ಚಿತ್ರ. ಅಷ್ಟೇ. ಒಂದು ಮಾತೂ ಇಲ್ಲ.”

ವಿವರಿಸಿದೆ. ಅಪ್ಪನ ಕೈಬರಹ, ಬ್ರಷ್, ಎಲ್ಲ. ಅವನು ಮೆತ್ತಗೆ ಹೇಳಿದ. ಸರ್ಚ್ ಎಂಜಿನ್‌ಗೂ ಅಷ್ಟೇ, ಬ್ರಷ್‌ನಲ್ಲಿ ಬರೆದದ್ದು ಅದಕ್ಕೆ ಬರೀ ಗೆರೆ. ಟೈಪ್ ಮಾಡಿದ ಮಾತನ್ನೇ ಅದು ಓದೋದು. ಕಿವಿ, ಕಲೆ, ಉಗುರು — ಯಾರು ಹುಡುಕಿದ್ರೂ ನಮ್ಮ ಪುಟ ಸಿಗ್ತಿರಲಿಲ್ಲ.

“ಬಾಗಿಲು ತೆಗೆದೆನಲ್ಲೋ,” ಅಂದೆ.

“ತೆಗೆದೆ. ಒಳಗೆ ಏನೂ ಇರಲಿಲ್ಲ.”

ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಅಪ್ಪ ಓದಲಿ ಅಂತ ಬರೆದೆ. ಅಪ್ಪನ ಹತ್ರ ಮುಟ್ಟಿಸೋರು ಓದ್ಬೇಕು ಅನ್ನೋದು ಹೊಳೀಲೇ ಇಲ್ಲ ಈ ಮಂಕು ತಲೆಗೆ.

ಏಪ್ರಿಲ್ 7

ಎಲ್ಲ ಟೈಪ್ ಮಾಡಿದೆ. ಬಸ್ ಟಿಕೆಟ್ ಅಕ್ಷರದಲ್ಲೇ. ಟೈಟಲ್‌ನಲ್ಲೂ ಗುರುತು, ಅಂಗಡಿ ಹೆಸರು. ಒಂದೊಂದು ಚಿತ್ರದ ಹಿಂದೆಯೂ ಅದರಲ್ಲಿ ಏನಿದೆ ಅಂತ ಬರೆಯೋಕೆ ಜಾಗ ಇತ್ತು, ಮೊದಲಿಂದಲೂ ಖಾಲಿ ಬಿದ್ದಿತ್ತು. ತುಂಬಿದೆ. ಗಡಿಯಾರ ಫೋನಿನಲ್ಲಿ ಹೇಳ್ತಾ ಹೋದ, ನಾನು ಹೊಡೀತಾ ಹೋದೆ. ಊಟದ ಹೊತ್ತಿಗೆ ಮುಗೀತು.

“ಇಷ್ಟೇನಾ?” ಅಂದಳು ಅಮ್ಮ.

ಇಷ್ಟೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನಾನು ಈಗ ತೆಗೀತಿದೀನಿ.

ಏಪ್ರಿಲ್ 13

ಬೆಳಿಗ್ಗೆ ‘ಉಸಿರಾಡೋಕೆ ಜಾಗ ಬಿಡು’ ಅಂತ ಹೊಡೆದೆ. ಮೊದಲು ನಾವೇ ಬಂದ್ವಿ. ಎರಡು ಸಲ, ಮೂರು ಸಲ ಹೊಡೆದೆ. ನಾವೇ. ಅಮ್ಮನ್ನ ಕೂಗಿ ತೋರಿಸಿದೆ.

ಆಸೆಪಡೋಕೆ ಹೆದರಿಕೆ. ಆದ್ರೂ ಅಪ್ಪನ ಹಾಸಿಗೆ ಬಿಸಿಲಿಗೆ ಹಾಕಿದೆ.

ಏಪ್ರಿಲ್ 17, ಬೆಳಿಗ್ಗೆ

ಗೊತ್ತಿಲ್ಲದ ನಂಬರ್. ಒಬ್ಬ ಹೆಂಗಸು. ಹಿಂದೆ ಪಾತ್ರೆ ಸದ್ದು.

“ಅಕ್ಕಾ, ‘ಅಪ್ಪ ಮಗಳು ಬೋರ್ಡಿನಂಗಡಿ’ ಅಂದ್ರೆ ನಿಮ್ದೇನಾ?”

ಹೌದು ಅಂದೆ. ಒಂದು ದಿನದ ಪ್ರಯಾಣ ದೂರದ ಊರು. ದಿಕ್ಕಿಲ್ಲದವರನ್ನ ಇಟ್ಟುಕೊಳ್ಳೋ ಮನೆ, ಅಲ್ಲಿ ಅಡುಗೆ ಮಾಡ್ತಾಳಂತೆ. ಅಜ್ಜ ಅಲ್ಲಿಗೆ ಬಂದು ಎರಡು ತಿಂಗಳು. ಕಿವಿ ಹಿಂದೆ ಕಲೆ ಇದೆ. ಹೆಬ್ಬೆರಳಿಗೆ ಉಗುರಿಲ್ಲ. ಅಡುಗೆಮನೆ ಹೊರಗಿನ ಗೋಡೆ ತುಂಬ ಇದ್ದಿಲಲ್ಲಿ ಅದೊಂದನ್ನೇ ಬರೀತಿದ್ರಂತೆ, ಅಪ್ಪ ಮಗಳು ಬೋರ್ಡಿನಂಗಡಿ, ಅಪ್ಪ ಮಗಳು ಬೋರ್ಡಿನಂಗಡಿ.

“ಅಷ್ಟು ಚೆಂದ ಬರೀತಿದ್ರು ಅಕ್ಕಾ, ಅಳಿಸೋಕೆ ಮನಸ್ಸು ಬರ್ತಿರಲಿಲ್ಲ. ಅದನ್ನ ನೋಡೇ ಹೋದ ತಿಂಗಳು ನನ್ನ ಫೋನಲ್ಲಿ ಹುಡುಕಿದ್ದೆ. ಒಂದಲ್ಲ, ನಾಲ್ಕೈದು ದಿನ ಹುಡುಕಿದೆ. ಏನೂ ಬರಲಿಲ್ಲ. ಅಜ್ಜ ಏನೋ ಮನಸ್ಸಿಗೆ ತೋಚಿದ್ದು ಬರೀತಾರೆ ಅನ್ಕೊಂಡು ಬಿಟ್ಟೆ.”

“ಫೋನ್ ಕೊಡ್ತೀರಾ ಅವರಿಗೆ?” ಅಂದೆ.

ಪಾತ್ರೆ ಸದ್ದು ನಿಂತಿತು.

ಮೊನ್ನೆ ಬೆಳಿಗ್ಗೆ ಏಳಲಿಲ್ಲವಂತೆ. ಒಂದು ವಾರದಿಂದ ಜ್ವರ ಇತ್ತಂತೆ. ದೇಹ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ಯಾರೂ ಬರದಿದ್ರೆ ನಾಳಿದ್ದು ಅವರೇ ಮಣ್ಣು ಮಾಡ್ತಾರೆ. “ಕೊನೇ ಸಲ ಒಂದು ಸರ್ತಿ ಹುಡುಕಿ ನೋಡೋಣ ಅನ್ನಿಸ್ತು ಅಕ್ಕಾ. ಹೊಡೆದ ತಕ್ಷಣ ನೀವೇ ಮೊದಲು ಬಂದ್ರಿ.”

ಏಪ್ರಿಲ್ 17, ಇನ್ನೂ ಬೆಳಿಗ್ಗೆ

ಗೋಡೆಯ ಫೋಟೋ ಕಳಿಸಿದ್ದಾಳೆ. ನೋಡಿದೆ. ಅಪ್ಪನದೇ. ಒಂದಕ್ಷರವೂ ಇನ್ನೊಂದಕ್ಕೆ ತಾಗಿಲ್ಲ. 

ಎರಡು ಗಂಟೆಗೆ ಬಸ್ಸು. ಗಡಿಯಾರ ಜೊತೆಗೆ ಬರ್ತೀನಿ ಅಂದಿದ್ದಾನೆ, ಪಟ್ಟಿ ಕಟ್ಟಿಕೊಂಡೇ. ಇನ್ನೂ ಬಂದಿಲ್ಲ.

ನಾನು ಫೋನಿನಲ್ಲಿ ಮಾತಾಡಿದ್ದನ್ನ ಅಮ್ಮ ಅರ್ಧ ಕೇಳಿಸಿಕೊಂಡಿದ್ದಾಳೆ. ‘ಕಿವಿ ಹಿಂದೆ ಕಲೆ, ಹೌದು, ಹೌದು ನಮ್ಮಪ್ಪನೇ’ — ಅಷ್ಟು ಕೇಳಿ ಒಳಗೆ ಓಡಿದಳು. ಅವಳ ಕಾಲು ಇಷ್ಟು ಬೇಗ ನಡೆದಿದ್ದು ಯಾವಾಗ ನೋಡಿದ್ದೆನೋ. ಒಳ್ಳೇ ಬಟ್ಟೆ ಹಾಕಿಕೊಂಡಿದ್ದಾಳೆ. ಅಪ್ಪನ ಶರ್ಟು, ಒಳಗಿನ ಬಟ್ಟೆ, ಕನ್ನಡಕ, ಎಲ್ಲ ಚೀಲಕ್ಕೆ ತುಂಬ್ತಿದ್ದಾಳೆ. “ಬಸ್ಸಿನಲ್ಲಿ ಚಳಿ ಆದ್ರೆ ಅವರಿಗೆ,” ಅಂತ ಈಗ ಸ್ವೆಟರ್ ಹುಡುಕ್ತಿದ್ದಾಳೆ.

ಹೇಳ್ಬೇಕು. ನಾನೇ ಹೇಳ್ಬೇಕು, ಇನ್ಯಾರಿದ್ದಾರೆ. ಈ ಸಾಲು ಬರೆದು ಎದ್ದು ಹೋಗ್ತೀನಿ ಅಂದ್ಕೊಂಡೆ, ಆಮೇಲೆ ಇನ್ನೊಂದು ಸಾಲು ಅಂದ್ಕೊಂಡೆ.

ಸ್ವೆಟರ್ ಸಿಕ್ತು ಅನ್ಸುತ್ತೆ. ಬಾಗಿಲಿಗೆ ಬಂದು ನಿಂತಿದ್ದಾಳೆ.

“ಫೋನ್ ಮಾಡಿ ಕೊಡೇ, ಹೊರಟಿದೀವಿ ಅಂತ ನಾನೇ ಒಂದು ಮಾತು ಹೇಳ್ತೀನಿ ಅವರಿಗೆ,” ಅಂತಿದ್ದಾಳೆ. ನಾನು ತಲೆ ಎತ್ತಿಲ್ಲ. ಇನ್ನೂ ಬರೀತಾ